ಖಾಲಿ ಹೊಟ್ಟೆಯಲ್ಲಿ ಉಳಿದದ್ದು

ಗೆಳೆಯ ಗಾದಿಲಿಂಗ,

ವರದಿಗಳನ್ನಷ್ಟೇ ಬರೆದು ರೂಢಿಯಾದ ಕೈ ಇದು. ನಿನಗೆ ಪತ್ರವೆಂದು ಒಮ್ಮೆಯೂ ಬರೆದವನಲ್ಲ. ಆ ಅಗತ್ಯವನ್ನು ನೀನು ಬರಗೊಡಲೂ ಇಲ್ಲ. ಸಿರುಗುಪ್ಪ ಬಸ್ಸಿನಿಂದ ಇಳಿದು, ಬಳ್ಳಾರಿಯ ನನ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, “ಏನ್ಲೇ ಸ್ವಾಮಿ, ಅದೀಯೋ ಇಲ್ಲೋ?” ಎಂದು ಕೂಗುತ್ತಿದ್ದವನಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ? ಈಗ ಬರೆಯಬೇಕಾಗಿದೆ. ಆಸ್ಪತ್ರೆಯಲ್ಲಿ ನೀನು ಕೇಳಿದ ಕೊನೆಯ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ.

ಕುರುಗೋಡಿನ ಶಾಲೆಯ ಆ ಬೆಂಚು ನೆನಪಾಗುತ್ತದೆ. ನೀನು ಬಾದನಹಟ್ಟಿಯಿಂದ ಬರುತ್ತಿದ್ದೆ, ನಾನು ಮಠದ ಓಣಿಯವನು. ನನಗೆ ‘ಸ್ವಾಮಿ’ ಎಂದು ಹೆಸರಿಟ್ಟವನು ನೀನೇ. ಮುಂದೆ ನಾನು ಸೂಕ್ಷ್ಮಜೀವಿಗಳ ವಿಷಯ ಓದಿ, ಸಾಕುಮೀನುಗಳ ರೋಗ ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ನೀನು ಹುಲಿಗೆಮ್ಮನನ್ನು ಮದುವೆಯಾಗಿ ಸಿರುಗುಪ್ಪ ಸೇರಿದೆ; ಚೌಳು ಹಿಡಿದು ಭತ್ತ ಬೆಳೆಯದಾದ ಗದ್ದೆಯನ್ನು ಅಗೆಸಿ ಮೀನಿನ ಹೊಂಡ ಮಾಡಿದೆ. ಮೀನನ್ನು ನಾಲಿಗೆಗೆ ಸೋಕಿಸದ ಮನೆಯವನು ದಿನವೂ ಮೀನಿನ ಕರುಳು ಸೀಳುತ್ತಾನೆಂಬುದು ನಿನಗೆ ಎಂದೂ ಹಳತಾಗದ ತಮಾಷೆ. “ಊರ ಮೀನಿನ ಹೊಟ್ಟಿ ಎಲ್ಲಾ ನೀ ನೋಡಿದಿ. ನಿನ್ನ ಹೊಟ್ಟಿ ಮಾತ್ರ ಒಂದು ಮೀನೂ ನೋಡ್ಲಿಲ್ಲ!” ನಾನು ಊಟಕ್ಕೆ ಬಂದ ದಿನ ಹುಲಿಗೆಮ್ಮ ಬೇರೆ ಪಾತ್ರೆಯಲ್ಲಿ ಪುಂಡಿಪಲ್ಯ ಮಾಡಿ, ನಿನಗೂ ಅದನ್ನೇ ಬಡಿಸುತ್ತಿದ್ದಳು. “ಇವತ್ತು ನಮ್ಮ ಮನ್ಯಾಗ ಮೀನಿಗೆ ಸೂಟಿ” ಎಂದು ಗೊಣಗುತ್ತಲೇ ನನಗಿಂತ ಹೆಚ್ಚು ರೊಟ್ಟಿ ತಿನ್ನುತ್ತಿದ್ದೆ.

ಹೊಂಡದ ರೋಹು ಮೀನುಗಳ ಮೈಮೇಲೆ ಕೆಂಪು ಹುಣ್ಣು ಎದ್ದ ವರ್ಷ ನೀನು ತಮಾಷೆಯನ್ನೇ ಬಿಟ್ಟಿದ್ದೆ. ಮೇವಿಗೆ ಔಷಧಿ ಬೆರೆಸಿದರೆ ಹುಣ್ಣು ಮಾಯುತ್ತಿತ್ತು, ನಿಲ್ಲಿಸಿದರೆ ಮತ್ತೆ ಏಳುತ್ತಿತ್ತು. ಬೆಳಿಗ್ಗೆ ದಡದಲ್ಲಿ ತೇಲುತ್ತಿದ್ದ ಮೀನುಗಳನ್ನು ನೀನು ಒಂದೊಂದಾಗಿ ಎತ್ತಿಡುತ್ತಿದ್ದ ರೀತಿ... ಔಷಧಿಯು ರೋಗದ ಬ್ಯಾಕ್ಟೀರಿಯಾದ ಜೊತೆಗೆ ಕರುಳಿನಲ್ಲಿರುವ ಉಪಕಾರಿಗಳನ್ನೂ ಕೊಲ್ಲಬಹುದು, ತೆರವಾದ ಜಾಗದಲ್ಲಿ ರೋಗವೇ ಬಂದು ಕೂರಬಹುದು ಎಂದು ನಾನು ವಿವರಿಸಿದೆ. ಆದರೆ ಅದೇ ನೀರಿನಲ್ಲಿದ್ದ ಕೆಲವು ಮೀನುಗಳಿಗೆ ಹುಣ್ಣು ಏಳಲೇ ಇಲ್ಲವಲ್ಲ, ಏಕೆ? ಅವುಗಳ ಕರುಳಿನಲ್ಲಿ ಏನಿದೆ ನೋಡೋಣ, ಹಿಡಿದು ತಾ ಎಂದೆ.

ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನೀನು ಬಂದ ಬೆಳಗು ಕಣ್ಣಿಗೆ ಕಟ್ಟಿದಂತಿದೆ. ಮೊದಲ ಮೀನಿನ ಕರುಳು ಬಿಡಿಸಿದೆ. ಒಳಗೆ ಏನೂ ಇರಲಿಲ್ಲ. ಎರಡನೆಯದೂ ಹಾಗೆಯೇ. ಮೇವು ಹಾಕಲಿಲ್ಲವೇ ಎಂದು ಕೇಳಿದರೆ ನೀನು ಹೆಮ್ಮೆಯಿಂದ ಹೇಳಿದೆ: “ಮೇವಾ? ಎರಡು ದಿನದಿಂದ ತೊಟ್ಟಿಯಾಗ ಬಿಟ್ಟು ಉಪಾಸ ಕೆಡವೀನಿ! ನನ್ನ ರಕ್ತ ತಪಾಸಣಿಗೆ ಖಾಲಿ ಹೊಟ್ಟೀಲೆ ಬಾ ಅಂದಿದ್ರು. ಮೀನಿಗೇನು ಬ್ಯಾರೆ ಕಾನೂನು ಐತೇನು?” ಮಾರುಕಟ್ಟೆಗೆ ಜೀವಂತ ಮೀನು ಸಾಗಿಸುವ ಮುನ್ನ ಹೊಟ್ಟೆ ಬರಿದು ಮಾಡಿಸುವ ನಿಮ್ಮ ಪದ್ಧತಿಯನ್ನೇ ನೀನು ನನ್ನ ಪರೀಕ್ಷೆಗೂ ಅನ್ವಯಿಸಿದ್ದೆ. ನನಗೆ ಬೇಕಾಗಿದ್ದದ್ದು ತುಂಬಿದ ಕರುಳು. ಹಿಂದಕ್ಕೆ ಕಳಿಸಬೇಕೆಂದಿದ್ದೆ; ನಿನ್ನ ಮುಖ ನೋಡಿ, ಬಂದದ್ದು ಬಂದಿದೆ ಎಂದು ಕರುಳಿನ ಒಳಗೋಡೆಯನ್ನು ಮೆಲ್ಲಗೆ ಕೆರೆದು ತಟ್ಟೆಗಳಲ್ಲಿ ಬೆಳೆಯಲು ಇಟ್ಟೆ.

ಆ ತಟ್ಟೆಗಳನ್ನು ತೆಗೆದು ನೋಡಿದವನೇ ನಿನಗೆ ಫೋನು ಮಾಡಿ ಕರೆಸಿದೆ. ತುಂಬಿದ ಹೊಟ್ಟೆಯಾಗಿದ್ದರೆ ತೌಡಿನದು, ಕೆಸರಿನದು, ನೀರಿನದು ಎಂದು ಎಲ್ಲ ಬ್ಯಾಕ್ಟೀರಿಯಾವೂ ಗಿಜಿಗುಟ್ಟುತ್ತಿತ್ತು. ಮೇವಿನೊಡನೆ ಬಂದವು ಮೇವಿನೊಡನೆ ಹೊರಟುಹೋಗಿದ್ದವು. ಕರುಳಿಗೇ ಅಂಟಿ ಬದುಕುವಂಥವು ಮಾತ್ರ ಉಳಿದಿದ್ದವು. ಇದನ್ನು ನಿನಗೆ ತಿಳಿಸಿ ಹೇಳಲು ನಾನು ಪದ ಹುಡುಕುತ್ತಿದ್ದರೆ ನೀನೇ ಮುಗಿಸಿದೆ: “ಅಂದ್ರ ಸಂತಿ ಎದ್ದ ಮ್ಯಾಲ ಊರಾಗ ಉಳಿದವ್ರು ಇವ್ರು, ಹೌದಲ್ಲೋ?” ಹೌದು. ಹುಣ್ಣಿನ ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಅವುಗಳನ್ನು ಒಂದೊಂದಾಗಿ ಇಟ್ಟು ನೋಡಿದ್ದೆ; ಒಂದರ ಸುತ್ತ ಮಾತ್ರ ಹುಣ್ಣಿನದು ಬೆಳೆಯಲಾರದೆ ಒಂದು ತಿಳಿ ಉಂಗುರವೇ ಉಳಿದಿತ್ತು. ತಟ್ಟೆಯನ್ನು ಬೆಳಕಿಗೆ ಹಿಡಿದ ನೀನು ಆ ಉಂಗುರದಲ್ಲಿ ಕೋಟೆಯನ್ನೇ ಕಂಡೆ. “ಬಳ್ಳಾರಿ ಕ್ವಾಟಿ ಕಟ್ಟಿಕೊಂಡು ಕುಂತೈತಲ್ಲಲೇ ಇದು!”

ಹೊಸ ಮರಿಗಳನ್ನು ಬಿಟ್ಟ ದಿನ ನಾವಿಬ್ಬರೂ ದಡದಲ್ಲಿದ್ದೆವು. ಪ್ರಯೋಗಾಲಯದಲ್ಲಿ ಬೆಳೆಸಿದ ಆ ಬ್ಯಾಕ್ಟೀರಿಯಾವನ್ನು ತೌಡಿಗೆ ಬೆರೆಸಿ, ತೂತು ಕೊರೆದ ಚೀಲಗಳಿಗೆ ತುಂಬಿ, ನೀರಲ್ಲಿ ನೆಟ್ಟ ಬಿದಿರುಗಳಿಗೆ ನೀನು ಕಟ್ಟಿದೆ. ಪಕ್ಕದ ಚಿಕ್ಕ ಹೊಂಡಕ್ಕೆ ಬರೀ ತೌಡು, ಹೋಲಿಕೆಗಾಗಿ. ತಿನ್ನಿಸುವಷ್ಟು ಕಾಲ ಅದು ಕರುಳಿನಲ್ಲಿ ಕಾಣುವುದು ದೊಡ್ಡ ಮಾತಲ್ಲ. ತಿನ್ನಿಸುವುದನ್ನು ನಿಲ್ಲಿಸಿದ ಮೇಲೂ ಇರುತ್ತದೆಯೇ ಎಂಬುದೇ ಪ್ರಶ್ನೆ ಎಂದು ನಾನು ಹೇಳಿದ್ದೆ. ಅಂದಿನಿಂದ ನಿನ್ನ ಬಾಯಲ್ಲಿ ಅದೊಂದೇ ಮಾತು. ಫೋನು ಎತ್ತಿದರೆ, “ನಿಲ್ತೈತೇನ್ಲೇ ಅದು?”

ಮಾಮೂಲಿ ತೌಡಿಗೆ ಮರಳಿ ಹೆಚ್ಚು ದಿನವಾಗಿರಲಿಲ್ಲ, ನಿನಗೆ ಎದೆನೋವು ಬಂತು. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನಾನು ಮಂಚದ ಪಕ್ಕದಲ್ಲಿದ್ದೆ. “ಖಾಲಿ ಹೊಟ್ಟೀಲೆ ಮಲಗಿಸ್ಯಾರ ನೋಡು ನನ್ನ. ತೊಟ್ಟಿಗೆ ಬಿಟ್ಟ ರೋಹು ಆಗೀನಿ” ಎಂದು ನೀನು ನಕ್ಕೆ. ಆಮೇಲೆ ಕೇಳಿದೆ: “ಅದಿರ್ಲಿ, ಅದು ನಿಂತತೇನು?” ಇನ್ನೂ ಗೊತ್ತಿಲ್ಲ ಎಂದೆ ನಾನು. “ಇನ್ನೂ ಗೊತ್ತಿಲ್ಲ ಅನ್ನಾಕ ಇಷ್ಟು ವರ್ಷ ಓದಬೇಕಾತೇನ್ಲೇ?” ಗಾಲಿಮಂಚ ತಳ್ಳಲು ಬಂದ ನರ್ಸ್ ಕೂಡ ನಕ್ಕಳು. ಬಾಗಿಲ ತನಕ ಬಂದ ನನಗೆ ನೀನು ಬೆರಳೆತ್ತಿ, “ಹೊರಗ ಬಂದ ಮ್ಯಾಲ ಹೇಳು” ಎಂದೆ. ಹೊರಗೆ ಬಂದ ಮೇಲೆ...

ನೀನು ಹೋದ ಮೇಲೆ ಮೊದಲ ಸಲ ಸಿರುಗುಪ್ಪಕ್ಕೆ ಬಂದ ದಿನ ಹುಲಿಗೆಮ್ಮ ದಡದ ಮೇಲೆ ಕುಳಿತಿದ್ದಳು. “ಅಣ್ಣಾ, ಹೊಂಡ ಕೇಳಾಕ ಜನ ಬರಾಕತ್ತಾರ. ಆ ಹುಣ್ಣು ಮತ್ತ ಬರೋದಾದ್ರ ಕೊಟ್ಟುಬಿಡ್ತೀನಿ. ಅವು ತೇಲೋದು ನೋಡಾಕ ನನ್ನ ಕೈಲೆ ಆಗಂಗಿಲ್ರಿ. ಹೋದವ್ರು ಒಬ್ರು ಸಾಕು.” ಅವಳಿಗೆ ಏನು ಭರವಸೆ ಕೊಡಲಿ? ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ನನಗೆ ಬಾರದು. “ಸ್ವಲ್ಪ ತಡಿಯಮ್ಮ, ಇನ್ನೊಂದು ಪರೀಕ್ಷೆ ಉಳಿದೈತಿ” ಎಂದಷ್ಟೇ ಹೇಳಿದೆ. ಅಂದೂ ಅವಳು ಪುಂಡಿಪಲ್ಯ ಮಾಡಿದ್ದಳು. ಗೊಣಗುವವರು ಇರಲಿಲ್ಲ.

ಮೊನ್ನೆ ಪ್ರಯೋಗಾಲಯದ ಬಾಗಿಲಲ್ಲಿ ಅದೇ ಐಸ್ ಡಬ್ಬಿ ಕಂಡಾಗ, ಒಂದು ಕ್ಷಣ ನಾನು ನಿನ್ನ ಕೂಗಿಗೆ ಕಾದೆ. ಹಿಂದೆ ನಿಂತಿದ್ದವಳು ಹುಲಿಗೆಮ್ಮ. ಎರಡೂ ಹೊಂಡದ ಮೀನುಗಳನ್ನು ಗುರುತು ಕಟ್ಟಿ ತಂದಿದ್ದಳು. ಮೀನುಗಳಿಗೆ ಮೇವು ನಿಲ್ಲಿಸಬೇಕೆಂದು ಹೇಳುವುದನ್ನೇ ನಾನು ಮರೆತಿದ್ದೆ, ಕೇಳುವ ಮೊದಲೇ ಅವಳೆಂದಳು: “ಎರಡು ದಿನ ಉಪಾಸ ಹಾಕೀನ್ರಿ ಅಣ್ಣಾ. ಅವ್ರು ಹಂಗ ಮಾಡ್ತಿದ್ರಲ್ಲ.” ನಾನು ಕೈಗವಸು ಹಾಕಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದೆ.

ಇಂದು ಬೆಳಿಗ್ಗೆ ತಟ್ಟೆಗಳನ್ನು ತೆಗೆದೆ. ಬರೀ ತೌಡು ತಿಂದ ಮೀನುಗಳಲ್ಲಿ ಅದು ಕಾಣಲಿಲ್ಲ. ದೊಡ್ಡ ಹೊಂಡದ ಮೀನುಗಳಲ್ಲಿ... ಖಚಿತವಾಗಲೆಂದು ಮತ್ತೊಮ್ಮೆ ನೋಡಿದೆ. ಇದು ಒಂದೇ ಹೊಂಡದ ಫಲಿತಾಂಶ. ಇದರಿಂದ ರೋಗವೇ ಬಾರದು ಎಂದು ನಾನು ಬರೆದುಕೊಡಲಾರೆ, ತಟ್ಟೆಯಲ್ಲಿ ಕಂಡದ್ದನ್ನು ತಿಳಿಸುವಾಗ ಹುಲಿಗೆಮ್ಮನಿಗೂ ಫೋನಿನಲ್ಲಿ ಹಾಗೆಯೇ ಹೇಳಿದೆ. ಅವಳು, “ಹಂಗಾದ್ರ ಹೊಂಡ ಕೊಡಂಗಿಲ್ರಿ. ಮರಿ ತರಿಸ್ತೀನಿ” ಎಂದಳು. ಆ ಮರಿಗಳ ಮೊದಲ ಚೀಲವನ್ನು ಬಿದಿರಿಗೆ ನಾನೇ ಕಟ್ಟುತ್ತೇನೆ; ಗಂಟು ನಿನ್ನಷ್ಟು ಬಿಗಿಯಾಗಿ ಬಾರದು, ನಗಬೇಡ.

ಹೊರಗೆ ಬಂದ ಮೇಲೆ ಹೇಳು ಎಂದಿದ್ದೆಯಲ್ಲ. ಕೇಳಿಸಿಕೋ.

ನಿಂತೈತಿ, ಗಾದಿ. ಹೊಟ್ಟಿ ಪೂರಾ ಖಾಲಿ ಆದ ಮ್ಯಾಲೂ ಐತಿ.

ನಿನ್ನ
ಸ್ವಾಮಿ