ಎಡಗಡೆ ಹಿಂಬಾಗಿಲು

ಮಾರ್ಚ್ ೩, ಸೋಮವಾರ — ಮಧ್ಯಾಹ್ನ ೧.೨೦

ಬೆಳಗಿನಿಂದ ಒಂದೇ ಕಪ್ಪು ಕಾರು. ಕಪ್ಪಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಲ್ಯಾಂಪ್ ಹಿಡಿದರೆ ಬಾನೆಟ್ ತುಂಬ ಜೇಡರ ಬಲೆ. ಸುತ್ತು ಸುತ್ತು ಗೀರು. “ದಿನಾ ನಾನೇ ಪ್ರೀತಿಯಿಂದ ಒರೆಸ್ತೀನಿ ಸಾರ್” ಎಂದ ಕಾರಿನವನು. ಅದೇ ತೊಂದರೆ ಸ್ವಾಮಿ! ಹಳೇ ಬನಿಯನ್ನು, ಅದರಲ್ಲಿ ನಿನ್ನೆಯ ಧೂಳು. ನಮ್ಮ ಪಾಲಿಶ್ ಶೆಡ್ಡಿಗೆ ಬರುವ ಅರ್ಧ ಗೀರು ಪ್ರೀತಿಯವೇ.

ಬಾನೆಟ್ ಮುಗಿಯಿತು. ಬಾಗಿಲು ಬಾಕಿ. ಡಬ್ಬಿಯಲ್ಲಿ ಊಟ ಬಾಕಿ. ಪ್ರಾಸ ಮಾತ್ರ ಯಾವತ್ತೂ ಬಾಕಿ ಇಲ್ಲ. ಬಿ.ಎ. ಮಾಡಿದ್ದಕ್ಕೆ ಅಷ್ಟಾದರೂ ಉಳಿದಿದೆ.

ತುತ್ತು ಬಾಯಲ್ಲಿದ್ದಾಗ ಅಕ್ಕನ ಫೋನ್.

“ಲೋ, ನೀಲಿ ಕಾರು ಮಾರ್ತಿದೀವಿ ಕಣೋ. ಭಾನುವಾರ ಸಂಜೆ ನೋಡೋಕೆ ಬರ್ತಾರೆ. ಫಳಫಳ ಅನ್ನಿಸಿ ಕೊಡು.”

“ಗುಬ್ಬಿಗೆ ಕೊಡ್ತೀನಿ ಅಂದಿದ್ಯಲ್ಲ?”

“ನನ್ನ ಮಗಳು ಅದನ್ನ ಮುಟ್ಟಿದ್ರೆ ತಾನೆ! ಲೈಸೆನ್ಸ್ ಬಂದು ಏಳು ತಿಂಗಳು. ‘ನನ್ನ ಕೈಗೆ ಕೊಡಬೇಡ, ಹಾಳು ಮಾಡ್ತೀನಿ’ ಅಂತಾಳೆ. ಹದಿಮೂರನೇ ವಯಸ್ಸಲ್ಲಿ ಸೈಕಲ್ ತಾಗಿಸಿದ್ದು, ಹತ್ತೊಂಬತ್ತಾದ್ರೂ ಅದೇ ರಾಗ. ಒಂದೇಟು ಕೊಟ್ಟಿದ್ದೆ, ಅಷ್ಟೆ. ನೇಣಿಗೆ ಹಾಕಿದ್ನಾ?”

“ಗೀರು ಹಾಗೇ ಇದೆಯಾ?”

“ಎಲ್ಲಿ ಹೋಗತ್ತೆ? ಎಡಗಡೆ ಹಿಂಬಾಗಿಲು. ಗೊತ್ತಲ್ಲ ನಿನಗೆ.”

ಗೊತ್ತು. ಡಬ್ಬಿ ಮುಚ್ಚಿಟ್ಟೆ.

ಅದೇ ದಿನ — ಸಂಜೆ ೫.೪೦

ಭಾವ ಕಾರು ಬಿಟ್ಟು ಹೋದರು. ಎಡಗಡೆಗೆ ಹೋಗಿ ನೋಡಲಿಲ್ಲ. ಬಲಗಡೆಯಿಂದಲೇ ಕವರ್ ಎಳೆದೆ.

ಬರೆದುಬಿಡುತ್ತೇನೆ. ಆ ಗೀರು ಗುಬ್ಬಿಯದಲ್ಲ, ನನ್ನದು. ಆರು ವರ್ಷದ ಹಿಂದೆ, ಕಾರು ಕೊಂಡ ಹೊಸದರಲ್ಲಿ ಅಕ್ಕನ ಮನೆಯಲ್ಲಿ ಊಟ. ಭಾವನ ಕಡೆಯ ಹತ್ತು ಹನ್ನೆರಡು ಜನ. “ನನ್ನ ತಮ್ಮ, ಡಿಗ್ರಿ ಮಾಡಿ ಗಾಡಿ ಒರೆಸ್ತಾನೆ. ನಮಗಂತೂ ಅನುಕೂಲ ಆಯ್ತು” ಎಂದಳು ಅಕ್ಕ. ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ. ಮೆಟ್ಟಿಲಿಳಿದು ಬಂದಾಗ ಕೈಯಲ್ಲಿ ಸ್ಕೂಟರ್ ಕೀ ಇತ್ತು. ಪಕ್ಕದಲ್ಲಿ ಕಾರಿತ್ತು.

ಮೇಲಿನ ಪಾರದರ್ಶಕ ಪದರ ಎಷ್ಟು ದಪ್ಪ, ಅದನ್ನು ದಾಟಲು ಕೈ ಎಷ್ಟು ಒತ್ತಬೇಕು... ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಸುಬುದಾರನ ಗೀರು ಅದು.

ಮಾರ್ಚ್ ೪, ಮಂಗಳವಾರ — ಬೆಳಿಗ್ಗೆ ೧೧

ತೊಳೆದೆ. ಅಂಚಿಗೆಲ್ಲ ಟೇಪು ಹಚ್ಚಿದೆ. ಎಡಗಡೆಗೂ ಹೋದೆ, ವಿಧಿಯಿಲ್ಲ.

ಗೀರಿನ ಮೇಲೆ ಉಗುರಾಡಿಸಿದೆ. ಇಲ್ಲಿಗೆ ಬಂದವರಿಗೆಲ್ಲ ನಾನೇ ಹೇಳಿಕೊಡುವ ಮಾತು: ಉಗುರು ಜಾರಿದರೆ ನಮ್ಮ ಪಾಲು, ಉಗುರು ಸಿಕ್ಕಿದರೆ ಪೇಂಟರ್ ಪಾಲು.

ಸಿಕ್ಕಿತು. ಉದ್ದಕ್ಕೂ ಸಿಕ್ಕಿತು.

ಮೈಕ್ರಾನ್ ಬಂದು ಇಣುಕಿದರು. ಶೆಡ್ಡಿನ ಯಜಮಾನರು. ಬಣ್ಣದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಮೀಟರು ಸದಾ ಜೇಬಿನಲ್ಲಿರುವುದರಿಂದ ಆ ಹೆಸರು.

“ಇದು ಹೋಗಲ್ಲ ಕಣಯ್ಯಾ. ಅಂಚು ಮೆತ್ತಗೆ ಮಾಡಿ ಬಿಟ್ಬಿಡು.”

“ನೋಡ್ತೀನಿ ಸಾರ್.”

“ಏನು ನೋಡ್ತೀಯ? ಮಷೀನಿನವನೋ, ಮಂತ್ರವಾದಿಯೋ?”

ಮಾರ್ಚ್ ೭, ಶುಕ್ರವಾರ — ಸಂಜೆ ೬.೧೫

ಎರಡು ದಿನ ಬರೆದಿಲ್ಲ. ಬರೆಯುವಂಥದ್ದು ಮಾಡಲಿಲ್ಲ.

ಬಾನೆಟ್, ಟಾಪು, ಉಳಿದ ಬಾಗಿಲು, ಎಲ್ಲದರ ಸುತ್ತು ಗೀರು ಹೋಯಿತು. ಕೆರೆಯ ನೀರಿನ ಹಾಗೆ ನೀಲಿ. ಅಲ್ಲೇ ಕೆಟ್ಟದ್ದು. ಸಾವಿರ ಸಣ್ಣ ಗೀರಿನ ನಡುವೆ ನನ್ನದು ಇಷ್ಟು ದಿನ ಗುಂಪಿನಲ್ಲಿ ಗೋವಿಂದ ಆಗಿತ್ತು. ಈಗ ಒಂಟಿಯಾಗಿ ನಿಂತಿದೆ. ಹತ್ತು ಹೆಜ್ಜೆಯಾಚೆಯಿಂದ ಕಾಣುತ್ತದೆ.

ಗುರುವಾರ ಅದರ ಮೇಲೇ ಮಷೀನು ಇಟ್ಟೆ. ಒಂದು ಸಲ, ಎರಡು ಸಲ, ಐದು ಸಲ... ಬೇರೆ ಯಾರ ಕಾರಾದರೂ ಎರಡಕ್ಕೇ ನಿಲ್ಲಿಸುತ್ತಿದ್ದೆ. ಬಾಗಿಲು ಕೈ ಇಡಲಾರದಷ್ಟು ಬಿಸಿ. ಮೈಕ್ರಾನ್ ಬಂದು ಪ್ಲಗ್ಗನ್ನೇ ಕಿತ್ತರು. ಮೀಟರು ಇಟ್ಟು ನನಗೆ ತೋರಿಸಿದರು. ಇನ್ನೆರಡು ಸುತ್ತು ತಿಕ್ಕಿದ್ದರೆ ಪದರ ಸುಟ್ಟು ಬಣ್ಣವೇ ಏಳುತ್ತಿತ್ತು.

“ಹದಿನೆಂಟು ವರ್ಷದಿಂದ ನೋಡ್ತಿದೀನಿ ನಿನ್ನ. ಹೊಸಬರು ಮಾಡೋ ತಪ್ಪು ಇದು. ಏನಾಗಿದೆ ನಿನಗೆ?”

“ಅಕ್ಕನ ಕಾರು ಸಾರ್.”

“ಅದಕ್ಕೇ ಚರ್ಮ ಸುಲೀತಿದ್ಯಾ?”

ಇವತ್ತು ಮೂರು ಗಂಟೆಗೆ ಗುಬ್ಬಿ ಬಂದಳು. ಬಸ್ಸಿನಲ್ಲಿ. ಶೆಡ್ಡಿನ ಬಾಗಿಲಲ್ಲೇ ಬ್ಯಾಗು ಎದೆಗೆ ಅವುಚಿ ನಿಂತಳು, ಯಾವ ಕಾರಿಗೂ ತಾಗದ ಹಾಗೆ.

“ಸಾರಿ ಮಾಮ, ಹೇಳದೆ ಬಂದೆ.”

ಬಂದದ್ದಕ್ಕೂ ಸಾರಿ. ಕುರ್ಚಿ ಕೊಟ್ಟರೆ ಕುರ್ಚಿಗೂ ಸಾರಿ. ಇವಳು ಹೀಗಿರಲಿಲ್ಲ. ಸೈಕಲ್ಲಿನಲ್ಲಿ ಕೈಬಿಟ್ಟು ಹೋಗುತ್ತಿದ್ದ ಹುಡುಗಿ.

ಎಡಗಡೆಗೆ ಹೋಗಿ ನೋಡಿದಳು. “ಹೋಗಲ್ವಾ?”

“ಆಳವಾಗಿದೆ.”

“ನನಗೆ ಈಗಲೂ ನೆನಪಿಲ್ಲ ಮಾಮ. ತಾಗಿದ್ದೇ ನೆನಪಿಲ್ಲ. ಎರಡು ದಿನ ನಾನಲ್ಲ, ನಾನಲ್ಲ ಅಂತ ಅತ್ತಿದ್ದೆ. ಆಮೇಲೆ ಅಮ್ಮ ನಿನಗೆ ಫೋನ್ ಮಾಡಿದಳಲ್ಲ. ಸೈಕಲ್ಲೇ ಇರಬೇಕು ಅಂದೆ ನೀನು. ನಿನಗೆ ಗೊತ್ತಿರತ್ತಲ್ಲ... ಸರಿ, ನಾನೇ ಇರಬೇಕು ಅನ್ನಿಸ್ತು.”

ಹೌದು. ಸ್ಪೀಕರ್ ಹಾಕಿ ಕೇಳಿದ್ದಳು ಅಕ್ಕ. “ನೀನು ಈ ಕೆಲಸದಲ್ಲಿರೋನು, ನೀನೇ ಹೇಳೋ. ಸೈಕಲ್ ತಾನೆ?” ಸೈಕಲ್ ಹ್ಯಾಂಡಲ್ಲಿನ ರಬ್ಬರು ಅಗಲವಾಗಿ ಕರಿ ಬಳಿಯುತ್ತದೆ, ಇಷ್ಟು ಸಣ್ಣ ಗೆರೆ ಕೊರೆಯುವುದಿಲ್ಲ. ನಮ್ಮ ಕಸುಬಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅಕ್ಕ ಕೇಳಿದ್ದು ನನ್ನನ್ನು. ಆ ಕಡೆಯಿಂದ ಬಿಕ್ಕುವ ಸದ್ದೂ ಕೇಳಿಸಿತ್ತು. “ಸೈಕಲ್ಲೇ ಇರಬೇಕು” ಎಂದಿದ್ದೆ.

ಕುಂಬಳಕಾಯಿ ಕದ್ದವನು ನಾನು. ಹೆಗಲು ಮುಟ್ಟಿ ನೋಡಿಕೊಂಡವಳು ಅವಳು.

“ಮಾರಿದ್ರೆ ಒಳ್ಳೇದು ಮಾಮ. ನೋಡೋದು ತಪ್ಪತ್ತೆ” ಎಂದು ಹೋದಳು. ಹೇಳಲಿಲ್ಲ ನಾನು. ಬಸ್ ಸ್ಟಾಪಿನ ತನಕ ಜೊತೆಗೆ ನಡೆದೆ. ಬಿಸಿಲಿನ ವಿಷಯ ಮಾತಾಡಿದೆ. ಬಿಸಿಲಿನ ವಿಷಯ!

ಒರೆಸಿದಷ್ಟೂ ಹೊಳಪು, ಹೊಳೆದಷ್ಟೂ ನೆನಪು. ಪ್ರಾಸವೇನೋ ಚೆನ್ನಾಗಿದೆ.

ಮಾರ್ಚ್ ೮, ಶನಿವಾರ — ಬೆಳಿಗ್ಗೆ ೬.೩೦

ಹೆಂಡತಿಗೆ ಹೇಳಿದೆ. ಹಾಲು ಕಾಯಿಸುತ್ತಿದ್ದಳು. ತಿರುಗಲಿಲ್ಲ.

“ನನಗೆ ಯಾಕೆ ಹೇಳ್ತೀರಿ? ನಾನೇನು ಆ ಹುಡುಗೀನಾ?”

ಹಾಲು ಉಕ್ಕಿತು. ಅವಳ ಕೈಯಲ್ಲಿ ಇದೇ ಮೊದಲು.

ಮಾರ್ಚ್ ೯, ಭಾನುವಾರ — ಬೆಳಿಗ್ಗೆ ೧೧.೧೦

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಇರಲಿ.

ಭಾವ ಹನ್ನೆರಡಕ್ಕೆ ಬಂದು ಕಾರು ಒಯ್ಯುವುದೆಂದು ಮಾತು. ಗುಬ್ಬಿಗೆ ಹತ್ತಕ್ಕೇ ಬಾ ಎಂದಿದ್ದೆ. ರಜೆ, ಶೆಡ್ಡಿನಲ್ಲಿ ಬೇರೆ ಯಾರೂ ಇಲ್ಲ. ಬಂದಳು. ಬಾಯಿಗಿಂತ ಕೈಯೇ ಮೇಲು ಎನ್ನಿಸಿತು. ವಾಚ್‌ಮನ್‌ನ ಸೈಕಲ್ ತಂದು ಬಾಗಿಲ ಪಕ್ಕ ನಿಲ್ಲಿಸಿದೆ.

“ಹ್ಯಾಂಡಲ್ ಎಲ್ಲಿಗೆ ಬರತ್ತೆ ನೋಡು.”

“ಬಾಗಿಲ ಹಿಡಿಗಿಂತ ಮೇಲೆ.”

“ಗೀರು?”

“ಕೆಳಗೆ... ಒಂದು ಗೇಣು.”

“ನಿನ್ನ ಸೈಕಲ್ ಇದಕ್ಕಿಂತ ಸಣ್ಣದು. ಆದರೆ ಹ್ಯಾಂಡಲ್ಲಿಗೆ ರಬ್ಬರಿತ್ತು. ರಬ್ಬರು ಹೀಗೆ ಕೊರೆಯಲ್ಲ.” ಪ್ಯಾಂಟಿನ ಜೇಬಿನಿಂದ ಸ್ಕೂಟರ್ ಕೀ ತೆಗೆದೆ. ಅದೇ ಸ್ಕೂಟರು, ಅದೇ ಕೀ. ಕೈ ಇಳಿಬಿಟ್ಟು ಬಾಗಿಲ ಪಕ್ಕ ನಿಂತೆ. ಕೀಯ ತುದಿ ಗೀರಿನೊಳಗೆ ತಾನಾಗಿ ಕೂತಿತು. ಅಷ್ಟೇ ಎತ್ತರ, ಅಷ್ಟೇ ಅಗಲ. ಮನೆಗೆ ಬಂದ ಹಾಗೆ.

ಅವಳು ಕೀ ನೋಡಿದಳು. ನನ್ನನ್ನು ನೋಡಿದಳು.

“ನೀನು ಸೈಕಲ್ ಅಂದ್ಯಲ್ಲ, ಆಗ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಅಳ್ತಿದ್ದದ್ದು ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಗೀರಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಉಗುರಾಡಿಸಿದಳು. ಆರು ವರ್ಷದಲ್ಲಿ ಮೊದಲ ಸಲ ಮುಟ್ಟಿದ್ದಿರಬೇಕು.

“ಸೈಕಲ್ ಯಾರಿಗೋ ಕೊಟ್ಬಿಟ್ರು ಮಾಮ. ನಾನೇ ಕೊಟ್ಬಿಡಿ ಅಂದೆ.”

ಕ್ಷಮಿಸು ಎಂದೆ. ಕೇಳಿಸಿಕೊಂಡಳೋ ಇಲ್ಲವೋ, ಕೈ ಚಾಚಿದಳು. “ಕಾರಿನ ಕೀ ಕೊಡು. ಅಪ್ಪನಿಗೆ ಬರಬೇಡ ಅಂತ ಫೋನ್ ಮಾಡು.”

“ನಾನು ಪಕ್ಕ ಕೂರ್ಲಾ?”

“ಬೇಡ. ನೀನು ಸ್ಕೂಟರಲ್ಲಿ ಹಿಂದೆ ಬಾ. ಅಮ್ಮನಿಗೆ ನೀನೇ ಹೇಳಬೇಕು. ನಾನು ಹೇಳಲ್ಲ.”

ರಿವರ್ಸ್ ತೆಗೆದಳು. ಕಂಬಕ್ಕೂ ಕನ್ನಡಿಗೂ ನಾಲ್ಕು ಬೆರಳು. ಹುಷಾರು ಎನ್ನಹೊರಟವನು ಗೇಟು ತೆಗೆಯಲು ಹೋದೆ. ಆ ಮಾತಾಡುವ ಹಕ್ಕು ನನಗೆಲ್ಲಿದೆ? ತಾಗಲಿಲ್ಲ. ಗೇಟಿನ ಹೊರಗೆ ಇಂಡಿಕೇಟರ್ ಹಾಕಿ ನಿಂತು ಕಾಯುತ್ತಿದ್ದಾಳೆ. ಬೀಗ ಹಾಕಿ ಹೊರಡಬೇಕು.

ಅದೇ ದಿನ — ೧೨.೦೫

ಅಕ್ಕನ ಮನೆಯ ಕೆಳಗೆ, ಸ್ಕೂಟರಿನ ಮೇಲೆ ಕೂತು ಬರೆಯುತ್ತಿದ್ದೇನೆ. ದಾರಿಯುದ್ದಕ್ಕೂ ಅವಳ ಹಿಂದೆ, ಕಾರಿನ ಎಡಮಗ್ಗುಲಿಗೆ ಬಂದೆ. ಗೀರು ನನ್ನ ಕಡೆಗೇ. ಪ್ರತಿ ಸಿಗ್ನಲ್ಲಿನಲ್ಲೂ ಕಣ್ಣ ಮುಂದೆ. ಒಂದು ಸಲವೂ ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ ಅವಳು.

ಕಾರನ್ನು ಆರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ ನಿಲ್ಲಿಸಿ ಮೇಲೆ ಹೋದಳು. ಒಂದು ಸಲಕ್ಕೇ ನಿಲ್ಲಿಸಿದಳು. ನೇರವಾಗಿ.

ಬಾಲ್ಕನಿಯಲ್ಲಿ ಅಕ್ಕ. “ಲೋ! ಇವಳೇ ಓಡಿಸಿಕೊಂಡು ಬಂದಳಾ? ಏನು ಮಾಡಿದ್ಯೋ ಮಾರಾಯ? ಅಲ್ಲೇ ಕೂತು ಏನು ಗೀಚ್ತಿದೀಯ, ಮೇಲೆ ಬಾ!”

ಅವಳ ಹಿಂದೆ ಗುಬ್ಬಿ. ಕೈಕಟ್ಟಿ ನಿಂತಿದ್ದಾಳೆ. ನೋಡುತ್ತಿದ್ದಾಳೆ.

ಹೇಗೆ ಶುರು ಮಾಡುವುದು... ಅಕ್ಕಾ, ಅವತ್ತು ಊಟ ಮುಗಿಸಿ ಇದೇ ಮೆಟ್ಟಿಲು ಇಳಿದು ಬಂದಾಗ ನನ್ನ ಕೈಯಲ್ಲಿ—