ಗಾಳಿ ಬಂದರೆ ಮುಚ್ಚುವ ಸ್ನಾನದ ಮನೆ

ಪ್ಲೋವ್ದಿವ್,
ಫೆಬ್ರವರಿ ೧೧, ಗುರುವಾರ

ದೇವಿನ್ ಊರಿನ ಬಿಸಿನೀರಿನಲ್ಲಿ ಮೊಣಕಾಲು ನೆನೆಹಾಕಿಕೊಂಡು ಕುಳಿತಿದ್ದಾರೆಂದು ನಂಬಲಾಗಿರುವ ಪೂಜ್ಯ ಅಜ್ಜಿಯವರಿಗೆ, ಏಕೈಕ ಮೊಮ್ಮಗಳು ಬಿಲ್ಯಾನಾ ತಲೆಬಾಗಿ ಬರೆಯುವುದೇನೆಂದರೆ:

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೇಲೆ ಮಾತ್ರ ನನಗೆ ಗುಮಾನಿ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕಿವಿ ನೆಟ್ಟು ನಿಂತಿರುತ್ತಾಳೆ. ಅದಕ್ಕೇ ಬಸ್ ಡ್ರೈವರನ ಕೈಯಲ್ಲಿ ಈ ಪತ್ರ.

ಸೊಂಟ ಮುರಿದುಕೊಂಡ ವರ್ಷ ನೀನು ರೊಟ್ಟಿ ಮುಟ್ಟಿ ಆಣೆ ಮಾಡಿದ್ದೆ, ಇನ್ನು ಕಾಲಿಗೆ ಸ್ಕೀ ಕಟ್ಟುವುದಿಲ್ಲ ಎಂದು. ಕಟ್ಟಿದರೆ ಆ ಹಲಗೆಗಳಿಗೆ ಗರಗಸ ಹಾಕುತ್ತೇನೆ ಎಂದು ಅಮ್ಮನೂ ಆಣೆ ಮಾಡಿದ್ದಳು. ಈ ಚಳಿಗಾಲ ನೋಡಿದರೆ ನಿನ್ನ ಮೊಣಕಾಲಿಗೆ ಬುಗ್ಗೆಗಳ ಹುಚ್ಚು. ಪಿರಿನ್ ಬೆಟ್ಟದ ಬುಡದ ದೊಬ್ರಿನಿಶ್ಟೆ ಆಯಿತು, ರಿಲಾ ಕಡೆಯ ದೋಲ್ನಾ ಬಾನ್ಯಾ ಆಯಿತು, ರೊದೋಪಿ ಬೆಟ್ಟಸಾಲಿನ ದೇವಿನ್‌ಗಂತೂ ಇದು ಎರಡನೇ ಸವಾರಿ. ನಮ್ಮ ಮಗ್ಗುಲಲ್ಲೇ ಹಿಸಾರ್ಯಾದಲ್ಲಿ ಬೇಕಾದಷ್ಟು ಬಿಸಿನೀರು ಉಕ್ಕುತ್ತಿರುವಾಗ, ತಲೆಯ ಮೇಲೆ ಹಿಮದ ಇಳಿಜಾರು ಇರುವ ಊರುಗಳೇ ನಿನ್ನ ಮೊಣಕಾಲಿಗೆ ಬೇಕೇ?

ಊಟದ ಮೇಜಿನಲ್ಲಿ ನೀನು ಮೂರೂ ಕಡೆಯ ಸ್ನಾನವನ್ನು ತೂಗಿ ಹೇಳಿದ್ದು ನೆನಪಿದೆಯೇ?

"ಪಿರಿನ್‌ದು ಬಲು ಒರಟು ಕಣೇ. ಮೊಣಕಾಲು ಬಗ್ಗಿಸ್ಕೊಂಡೇ ಇರ್ಬೇಕು, ಚೂರು ಮೈಮರೆತ್ರೆ ಎತ್ತಿ ಬಿಸಾಕತ್ತೆ" ಎಂದೆ. ಅಮ್ಮ ಸೂಪಿನ ಸೌಟು ಹಿಡಿದವಳು ಹಾಗೇ ನಿಂತಳು. ನೀನು ನಿಲ್ಲಲಿಲ್ಲ. "ರಿಲಾದಲ್ಲಿ ಒಂಚೂರು ಗಾಳಿ ಬಂದ್ರೆ ಸಾಕು, ಮುಚ್ಚಿಬಿಡ್ತಾರೆ ದರಿದ್ರದೋರು. ರೊದೋಪಿದು ಬೆಣ್ಣೆ! ಆದ್ರೆ ಬೆಳಗ್ಗೇನೇ ಮುಗಿಸ್ಬೇಕು. ಬಿಸಿಲೇರಿದ್ರೆ ಗಂಜಿ ಆಗೋಗತ್ತೆ."

ಅಜ್ಜೀ, ಗಾಳಿ ಬಂದರೆ ಮುಚ್ಚುವ ಸ್ನಾನದ ಮನೆ ಯಾವುದು? ಬಿಸಿಲಿಗೆ ಗಂಜಿಯಾಗುವ ನೀರು ಯಾವುದು?

ಇನ್ನು ಪ್ರತಿ ಸಲ ನೀನು ಮರಳಿ ಬಂದಾಗಿನ ಮುಖ. ಕೆನ್ನೆಯೆಲ್ಲ ತಾಮ್ರ, ಕಣ್ಣ ಸುತ್ತ ಮಾತ್ರ ಹಿಟ್ಟು ಬಳಿದಂತೆ ಬಿಳುಪು. ಹಿಮದ ಬಿಸಿಲಿಗೆ ಹಾಕುವ ಅಷ್ಟಗಲದ ಕನ್ನಡಕ ಹಾಕಿಕೊಂಡು ತೊಟ್ಟಿಯಲ್ಲಿ ಕೂರುವವರನ್ನು ನಾನು ಕಂಡಿಲ್ಲ. ಕಪಾಟಿನಲ್ಲೇ ಬಿಟ್ಟುಹೋಗಿರುವ ನಿನ್ನ ಈಜುಡುಗೆಯಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ. ನೆಲಮಾಳಿಗೆಯಲ್ಲಿ, ಉಪ್ಪುಕೋಸಿನ ಪೀಪಾಯಿಯ ಹಿಂದೆ, ನಿನ್ನ ಸ್ಕೀ ಚೀಲ ನಿಂತೇ ಇದೆ, ಒಪ್ಪಿದೆ. ಜಿಪ್ ಎಳೆದು ನೋಡಿದೆ. ಒಳಗೆ ಎರಡು ಪೊರಕೆ. ಶಾಭಾಷ್.

ಅಮ್ಮ ಪೆದ್ದಿಯಲ್ಲ. "ನಮ್ಮಮ್ಮ ಏನೋ ಮುಚ್ಚಿಡ್ತಿದಾಳೆ. ಶನಿವಾರ ನಾನೇ ದೇವಿನ್‌ಗೆ ಹೋಗಿ ಅವಳ ಪಕ್ಕದಲ್ಲೇ ನೀರಲ್ಲಿ ಕೂತ್ಕೋತೀನಿ, ನೋಡೇಬಿಡೋಣ" ಎಂದು ನಿನ್ನೆ ಟಿಕೆಟ್ ತರಲು ಹೊರಟಿದ್ದಳು. ಬಂದಿದ್ದರೆ ಗರಗಸವೂ ಜೊತೆಯಲ್ಲೇ ಬರುತ್ತಿತ್ತು. ನಾನು ತಡೆದೆ. ಹೇಗೆ ಎಂಬುದು ಸದ್ಯಕ್ಕೆ ಅಮುಖ್ಯ.

ಈ ಮಹತ್ಕಾರ್ಯಕ್ಕೆ ನನ್ನ ಬೇಡಿಕೆ ಒಂದೇ: ಮುಂದಿನ "ಸ್ನಾನ"ಕ್ಕೆ ನನ್ನನ್ನೂ ಕರೆದುಕೊಂಡು ಹೋಗಬೇಕು. ತಮಾಷೆಯಲ್ಲ ಅಜ್ಜಿ. ಆ ಸಲ ಬಿದ್ದಾಗ ಎಷ್ಟು ಕೂಗಿದರೂ ಯಾರೂ ಬರಲಿಲ್ಲ ಎಂದು ನೀನೇ ಹೇಳಿದ್ದೆ. ನಿನ್ನ ಈ ಹುಚ್ಚು ಬಿಡಿಸುವುದು ನನ್ನಿಂದಾಗದು. ಆದರೆ ನಿನ್ನ ಬೆನ್ನ ಹಿಂದೆಯೇ ಜಾರುತ್ತಾ ಬರಬಲ್ಲೆ. ನೀನು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ.

ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರುವ,
ಬಿಲ್ಯಾನಾ

ತಾ.ಕ.: ತಡೆದದ್ದು ಹೇಗೆಂದು ಹೇಳಿಯೇಬಿಡುತ್ತೇನೆ. ದೇವಿನ್‌ನಲ್ಲಿ ನಿನಗೊಬ್ಬ ಗೆಳೆಯನಿದ್ದಾನೆ ಎಂದೆ. ಸ್ಪಿರಿದೋನ್, ನಿವೃತ್ತ ರೈಲು ಚಾಲಕ, ಹೆಂಡತಿ ತೀರಿಕೊಂಡಿದ್ದಾಳೆ, ದಪ್ಪ ಬಿಳಿ ಮೀಸೆ. ಅಮ್ಮ ಕಿರುಚುತ್ತಾಳೆ ಅಂದುಕೊಂಡರೆ ಕಣ್ಣೊರೆಸಿಕೊಂಡು, "ಪಾಪ, ಅವಳಾದ್ರೂ ಎಷ್ಟು ವರ್ಷ ಅಂತ ಒಬ್ಬಳೇ ಇರ್ತಾಳೆ" ಎಂದಳು. ನೀನು ವಾಪಸು ಬರುವ ಭಾನುವಾರವೇ ಅವನೂ ಊಟಕ್ಕೆ ಬರಬೇಕಂತೆ. ಬಾನಿತ್ಸಾ ಕಡುಬು ಮಾಡಲು ಚೀಸ್ ತಂದಿಟ್ಟಾಗಿದೆ. ಆದ್ದರಿಂದ ಬೆಟ್ಟ ಇಳಿಯುವಾಗ ಸ್ವಲ್ಪ ಅತ್ತಿತ್ತ ನೋಡು. ಮೀಸೆಯಿರುವ ಮುದುಕ ಯಾರಾದರೂ ಸಿಕ್ಕರೆ ಹಿಡಿದು ತಾ. ಅವನ ಕಣ್ಣ ಸುತ್ತ ಮಾತ್ರ ಬಿಳುಪಿರಬಾರದು.