ಕೋಂ ಜಯಪ್ಪ

ಚನ್ನಗಿರಿ
೧೪–೬–೧೯೭೯

ಚಿ. ಸೌ. ಹೊನ್ನೂರಮ್ಮನಿಗೆ ಜಯಪ್ಪನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಸೋಮವಾರ ನಿನ್ನ ಹೆಸರಿಗೆ ಆಫ್ರಿಕಾದಿಂದ ಒಂದು ಲಕೋಟೆ ಬಂತು. ಅಂಟು ಬಿಟ್ಟುಕೊಂಡಿತ್ತು, ಒಳಗಿನ ಕಾಗದ ತಾನಾಗಿಯೇ ಈಚೆ ಬಂತು, ಕಣ್ಣಿಗೆ ಬಿದ್ದದ್ದನ್ನು ಓದದೆ ಇರಲಾಗಲಿಲ್ಲ. ಜಾಂಬಿಯಾ ದೇಶದ ಲುಸಾಕಾ ಎಂಬ ಊರಿನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ನಿನಗೆ ಗಣಿತದ ಟೀಚರ್ ಕೆಲಸ ಸಿಕ್ಕಿದೆಯಂತೆ. ಮೂರು ವರ್ಷದ ಕರಾರು. ಬರುತ್ತೀಯೋ ಇಲ್ಲವೋ ಎಂದು ಈ ತಿಂಗಳ ಕೊನೆಯೊಳಗೆ ತಿಳಿಸಬೇಕಂತೆ. ಅರ್ಜಿ ಹಾಕಿದ್ದು ಯಾವಾಗ? ಯುಗಾದಿಗೆ ಜಗಳೂರಿನಿಂದ ಬಂದು ನಾಲ್ಕು ದಿನ ಇದ್ದೆ, ಹೋಳಿಗೆ ತಟ್ಟಿದೆ, ನನ್ನ ಅಂಗಿಗೆ ಗುಂಡಿ ಹಾಕಿದೆ, ಇದೊಂದರ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲವಲ್ಲ! ಏಪ್ರಿಲ್ಲಿನಲ್ಲಿ ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಬೆಂಗಳೂರಿಗೆ ಹೋಗುತ್ತೇನೆ ಎಂದು ಹೋದದ್ದು ಇದಕ್ಕೇನೋ?

ನಾನು ಹದಿನೇಳು ವರ್ಷದಿಂದ ನೋಂದಣಿ ಕಚೇರಿಯಲ್ಲಿ ಪತ್ರ ನೋಡುತ್ತಿರುವ ಗುಮಾಸ್ತ. ಗಂಡಸಾದರೆ ಬಿನ್ ಎಂದು ಅಪ್ಪನ ಹೆಸರು, ಮದುವೆಯಾದ ಹೆಂಗಸಾದರೆ ಕೋಂ ಎಂದು ಗಂಡನ ಹೆಸರು. ಅದು ಬಿಟ್ಟುಹೋದ ಪತ್ರವನ್ನು ಯಾರೇ ತಂದರೂ ವಾಪಸು ಕಳಿಸುತ್ತೇನೆ. ಈ ಕಾಗದದಲ್ಲಿ ನಿನ್ನ ಹೆಸರಿನ ಹತ್ತಿರ ಜಯಪ್ಪ ಎಂಬ ಜೀವವೇ ಇಲ್ಲ. ಇರುವುದು ‘ಮಿಸ್’. ಮಿಸ್ ಎಂದರೆ ಮದುವೆಯಾಗದವಳು ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಹಾಗಾದರೆ ಎಂಟು ವರ್ಷದ ಕೆಳಗೆ ತಾಳಿ ಕಟ್ಟಿದವನು ಯಾರು, ದಾರಿಯಲ್ಲಿ ಹೋಗುವ ದಾಸಯ್ಯನೇ?

ಇನ್ನೂ ಇದೆ. ಪಾಠದ ಜೊತೆಗೆ ನೀನು ಅಲ್ಲಿ ‘ಹೌಸ್ ಮಿಸ್ಟ್ರೆಸ್’ ಆಗಿಯೂ ಇರಬೇಕಂತೆ. ಈ ಪದ ನನಗೆ ಸರಿ ಕಾಣಲಿಲ್ಲ. ರಜೆ ಹಾಕಿ ಹೊನ್ನಾಳಿಗೆ ಹೋಗಿ ತಿಪ್ಪೇರುದ್ರಸ್ವಾಮಿ ಮೇಷ್ಟ್ರಿಗೆ ತೋರಿಸಿದೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಡಿಕ್ಷನರಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ‘ಜಯಪ್ಪಾರೆ, ಮಿಸ್ಟ್ರೆಸ್ ಅಂದ್ರೆ ಪಾಠ ಹೇಳಾಕೀನೂ ಹೌದು, ಇಟ್ಕೊಂಡಾಕೀನೂ ಹೌದು. ಹಿಂದೆ ಹೌಸ್ ಅಂತ ಬೇರೆ ಐತೆ. ಹೆಂಗೆ ಹೇಳಾಕಾಗ್ತೈತ್ರೀ?’ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಯಾರ ಮುಖ ನೋಡಲೂ ನನಗೆ ನಾಚಿಕೆಯಾಯಿತು.

ಯಾರು ನಿನಗೆ ಇದನ್ನೆಲ್ಲ ಹೇಳಿಕೊಟ್ಟವರು? ನಿನ್ನ ಪತ್ರಗಳಲ್ಲಿ ಓಬಣ್ಣ, ಓಬಣ್ಣ ಎಂದು ಒಂದು ಹೆಸರು ಬರುತ್ತಿತ್ತು. ಆ ಮಹಾಶಯನೂ ಲುಸಾಕಾಕ್ಕೆ ಅರ್ಜಿ ಹಾಕಿದ್ದಾನೋ? ಮಕ್ಕಳು ಮರಿ ಇಲ್ಲ, ತಡೆಯುವವರು ಯಾರು ಎಂದುಕೊಂಡೆಯಾ? ಕೇಳಿದ್ದಕ್ಕೆಲ್ಲ ಒಂದೂ ಬಿಡದೆ ಉತ್ತರ ಬರೆ.

ಇತಿ ನಿನ್ನ ಯಜಮಾನ,
ಜಯಪ್ಪ

ಮತ್ತೊಂದು ಮಾತು: ಲಕೋಟೆಯನ್ನು ನಾನು ಅನ್ನದ ಹಬೆಗೆ ಹಿಡಿದೆ ಎಂದು ಪಕ್ಕದ ಮನೆಯ ಸುಂಕಲಮ್ಮ ಬರೆದರೆ ನಂಬಬೇಡ.


ಜಗಳೂರು
೨೧–೬–೧೯೭೯

ತೀರ್ಥರೂಪರಲ್ಲದಿದ್ದರೂ ಹಾಗೆಯೇ ಗದರಿಸುವ ನನ್ನ ಯಜಮಾನರಿಗೆ ಹೊನ್ನೂರಮ್ಮನ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಮೂರು ಪುಟ! ಈ ಎಂಟು ವರ್ಷದಲ್ಲಿ ನೀವು ಬರೆದ ಕಾರ್ಡುಗಳನ್ನೆಲ್ಲ ಸೇರಿಸಿದರೂ ಇಷ್ಟಾಗುವುದಿಲ್ಲ. ಕೈಗೆ ಬಂದಾಗ ಸಂತೋಷವಾಯಿತು. ಆಮೇಲೆ ಓದಿದೆ.

ಹೌಸ್ ಮಿಸ್ಟ್ರೆಸ್ ಎಂದರೆ ಹಾಸ್ಟೆಲ್ಲಿನ ಹುಡುಗಿಯರು ಉಂಡರೋ, ಜಡೆ ಹಾಕಿಕೊಂಡರೋ ಎಂದು ನೋಡಿಕೊಳ್ಳುವವಳು. ಇದನ್ನು ಮೇಷ್ಟ್ರಿಗೂ ತಿಳಿಸಿಬಿಡಿ, ಪಾಪ, ಗಾಬರಿಯಾಗಿರುತ್ತಾರೆ. ಬೆಂಗಳೂರಿಗೆ ಪೇಪರು ತಿದ್ದಲು ಹೋದದ್ದೂ ನಿಜ, ಸಂದರ್ಶನಕ್ಕೆ ಹೋದದ್ದೂ ನಿಜ. ಓಬಣ್ಣ ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಮುದುಕ. ನನಗೆ ಟೈಫಾಯ್ಡ್ ಆದಾಗ ಗಂಜಿ ತಂದುಕೊಟ್ಟವನು. ಅವನು ತೀರಿಕೊಂಡು ಎರಡು ವರ್ಷವಾಯಿತು. ಅದನ್ನೂ ಬರೆದಿದ್ದೆ. ನೀವು ಹೆಸರು ಮಾತ್ರ ಓದಿದಿರಿ.

ಮಿಸ್ ಎಂದು ಬರೆದದ್ದು ನಾನೇ. ಬೇಕೆಂದೇ ಬರೆದೆನೋ, ಅಭ್ಯಾಸಬಲವೋ, ನನಗೂ ತಿಳಿಯದು. ಈ ಊರಿನಲ್ಲಿ ಎಲ್ಲರಿಗೂ ನಾನು ಮಿಸ್ಸೇ. ಹಾಲು ಹಾಕುವ ಮೂಕಮ್ಮ ಒಂದು ದಿನ ‘ಮಿಸ್ಸಾರೆ, ತಪ್ಪು ತಿಳೀಬ್ಯಾಡ್ರಿ, ನಿಮ್ಮ ಯಜಮಾನ್ರು ಅದಾರೋ, ಇಲ್ಲೋ? ಒಂದ್ಸಲಾನೂ ಬಂದಿದ್ದು ನೋಡ್ಲಿಲ್ಲ’ ಎಂದು ಕೇಳಿದಳು. ನನಗೆ ಸಿಟ್ಟೇ ಬರಲಿಲ್ಲ. ಸಿಟ್ಟು ಬರಲಿಲ್ಲವಲ್ಲ ಎಂದು ಹೆದರಿಕೆಯಾಯಿತು.

ಕಂಡ ಕಂಡವರ ಪತ್ರಕ್ಕೆಲ್ಲ ಕೋಂ ಹಾಕಿಸುತ್ತೀರಿ. ಗಂಡ ಹೆಂಡತಿ ಒಂದೇ ಊರಿನಲ್ಲಿರಲಿ ಎಂದು ನಾನು ವರ್ಗಕ್ಕೆ ಅರ್ಜಿ ಕೊಡಬೇಕಾದರೆ ‘ಈಕೆಯ ಗಂಡ ಇಲ್ಲಿ ಕೆಲಸದಲ್ಲಿದ್ದಾನೆ’ ಎಂದು ನಿಮ್ಮ ಕಚೇರಿಯಿಂದ ಒಂದು ಸಾಲಿನ ಸರ್ಟಿಫಿಕೇಟು ಬೇಕಾಗಿತ್ತು. ಎಂಟು ವರ್ಷ ಕೇಳಿದೆ. ಒಂದು ವರ್ಷ ಸಾಹೇಬರು ರಜೆ, ಒಂದು ವರ್ಷ ಟೈಪು ಮಷಿನ್ ರಿಪೇರಿ, ಇನ್ನೊಂದು ವರ್ಷ ನೀವು ಮರೆತೇಬಿಟ್ಟಿರಿ. ನಿಮಗೆ ನಾನು ಬೇಡವೋ, ಬರೀ ಸೋಮಾರಿತನವೋ ಎಂದು ಅನುಮಾನ ಪಡುವ ಸರದಿ ನನ್ನದಾಗಿತ್ತು. ನಾನು ಯಾರ ಹತ್ತಿರ ಕೇಳಲಿ?

ಕದ್ದು ಹೋಗುವ ಮನಸ್ಸಿದ್ದರೆ ಶಾಲೆಯ ವಿಳಾಸ ಕೊಡುತ್ತಿದ್ದೆ. ಚನ್ನಗಿರಿಯ ವಿಳಾಸ ಕೊಟ್ಟದ್ದು ಬೇಕೆಂದೇ. ನೀವು ಒಡೆದು ಓದುತ್ತೀರಿ, ಮೊದಲ ಬಸ್ಸಿಗೇ ಬಂದು ನನ್ನ ಮೇಲೆ ರೇಗಾಡುತ್ತೀರಿ ಎಂದುಕೊಂಡಿದ್ದೆ. ರೇಗಿದರೂ ಸರಿ, ಬರುತ್ತೀರಲ್ಲ ಎಂದಿತ್ತು. ನೀವು ರಜೆ ಹಾಕಿ ಹೋದದ್ದು ಹೊನ್ನಾಳಿಗೆ.

ನಿಮ್ಮ ಪತ್ರ ಮೂರು ಸಲ ಓದಿದೆ. ಯಾಕೆ ಹೋಗುತ್ತೀಯ ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. ಒಪ್ಪಿಗೆಯ ಕಾಗದವನ್ನು ನಿನ್ನೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ. ಯುಗಾದಿಗೆ ಬಂದಾಗ ಎತ್ತಿಟ್ಟ ಸಕ್ಕರೆ ಡಬ್ಬಿ ಮೇಲಿನ ಗೂಡಿನಲ್ಲಿದೆ, ಹುಡುಕಾಡಬೇಡಿ.

ಹೊನ್ನೂರಮ್ಮ

ಬರೆಯಬಾರದು ಎಂದುಕೊಂಡು ಬರೆಯುತ್ತಿರುವುದು: ಹಿಂದಿನ ಪುಟದಲ್ಲಿ ಮಸಿ ಬಳಿದ ಒಂದು ಸಾಲಿದೆ. ಬಿಸಿಲಿಗೆ ಹಿಡಿದು ಓದಲು ಕಷ್ಟಪಡಬೇಡಿ, ನಾನೇ ಹೇಳುತ್ತೇನೆ. ‘ಹೋಗಬೇಡ ಎಂದು ಒಂದು ಮಾತು ಹೇಳಿದರೆ ನಿಲ್ಲುತ್ತೇನೆ’ ಎಂದು ಬರೆದಿದ್ದೆ. ಈಗ ಹೇಳಿದರೆ ನಿಲ್ಲುವುದಿಲ್ಲ. ಆದರೂ ಒಂದು ಸಲ ಹೇಳಿ.